ಚೀಟಿ ಬರೆದು ಉಪ್ಪಿನಕಾಯಿ ಮಾರಿದ್ದು

ಸಾಮಾನು ಒಳ್ಳೆಯದಿದ್ದರೆ ಸಾಕು, ಗಿರಾಕಿ ತಾನಾಗಿಯೇ ಹುಡುಕಿಕೊಂಡು ಬರ್ತಾನೆ ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ಮಾಡುವವರೂ ತಿನ್ನುವವರೂ ಒಂದೇ ಊರಲ್ಲಿದ್ದಾಗ ಅದು ನಿಜವೇ ಆಗಿತ್ತು. ಇವರ ಮನೆ ಹಪ್ಪಳ ಚೆನ್ನ, ಅವರ ಮನೆ ಉಪ್ಪಿನಕಾಯಿ ಚೆನ್ನ ಅನ್ನೋದು ಮದುವೆ ಮನೆಯ ಪಂಕ್ತಿಯಲ್ಲೇ ತೀರ್ಮಾನ ಆಗಿಬಿಡ್ತಿತ್ತು. ಈಗ ಮಾಡುವವರು ಶಿರಸಿಯ ಹಳ್ಳಿಯಲ್ಲಿದ್ದಾರೆ, ತಿನ್ನುವವರು ಬೆಂಗಳೂರು, ಪುಣೆ, ಹೈದರಾಬಾದಿನ ಫ್ಲ್ಯಾಟುಗಳಲ್ಲಿದ್ದಾರೆ. ನಡುವೆ ಪಂಕ್ತಿ ಊಟ ಇಲ್ಲ. ಹಾಗಾದರೆ ಸುದ್ದಿ ಮುಟ್ಟುವುದು ಹೇಗೆ? ಕಳೆದ ಮೂರು ವರ್ಷದಿಂದ ನಾನು ಮತ್ತು ನನ್ನ ಚಿಕ್ಕಮ್ಮ ಈ ಪ್ರಶ್ನೆಯ ಹಿಂದೆ ಬಿದ್ದಿದ್ದೇವೆ. ಮನೆಯಲ್ಲೇ ಏನಾದರೂ ಮಾಡಿ ಮಾರುವ ಹೆಂಗಸರು ಈ ಅಂಕಣ ಓದುವವರಲ್ಲಿ ತುಂಬಾ ಜನ ಇದ್ದಾರೆ ಅಂತ ಗೊತ್ತು. ಅದಕ್ಕೇ ನಮ್ಮ ಅನುಭವ ಬರೆಯೋಣ ಅನ್ನಿಸಿತು.

ಚಿಕ್ಕಮ್ಮನ ಮನೆಗೆ ಇರುವುದು ಸಣ್ಣ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಹೇಗೋ ನಿಭಾಯಿಸ್ತಿದ್ದರು. ಆಮೇಲೆ ಎಲೆಚುಕ್ಕಿ ರೋಗ ಬಂತು. ಮರದ ಹೆಡೆಗಳೆಲ್ಲ ಒಣಗಿ, ಫಸಲು ಇಳಿಯುತ್ತಾ ಹೋಯಿತು. ಅದೇ ಹೊತ್ತಿಗೆ ಚಿಕ್ಕಪ್ಪನಿಗೆ ಪಾರ್ಶ್ವವಾಯು ಆಗಿ ಎಡಗೈ ಸ್ವಾಧೀನ ತಪ್ಪಿತು. ಮಗ ಇಂಜಿನಿಯರಿಂಗ್ ಸೇರಿ ಒಂದು ವರ್ಷವಾಗಿತ್ತಷ್ಟೆ. ಚಿಕ್ಕಮ್ಮ ಮೊದಲಿನಿಂದಲೂ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಪೇಟೆಯ ಒಂದು ಅಂಗಡಿಗೆ ಕೊಡ್ತಿದ್ದರು. ಅಂಗಡಿಯವರು ತಮ್ಮದೇ ಹೆಸರಿನ ಚೀಟಿ ಅಂಟಿಸಿ ಮಾರುತ್ತಿದ್ದರು, ದುಡ್ಡು ಮಾತ್ರ ಮೂರು ತಿಂಗಳಿಗೋ ಆರು ತಿಂಗಳಿಗೋ ಬರುತ್ತಿತ್ತು. ತೋಟ ಚೆನ್ನಾಗಿದ್ದ ಕಾಲಕ್ಕೆ ಅದು ಕೈಖರ್ಚಿನ ಬಾಬತ್ತು. ಈಗ ಮಗನ ಕಾಲೇಜು ಫೀಸು ಅದರಿಂದಲೇ ಹುಟ್ಟಬೇಕಿತ್ತು.

"ನೀನು ಕಂಪ್ಯೂಟರಿನವಳು. ನಾಲ್ಕು ಜನಕ್ಕೆ ಗೊತ್ತಾಗೋ ಹಾಗೆ ಏನಾದ್ರೂ ಮಾಡೇ ಕೂಸೇ" ಅಂದರು ಚಿಕ್ಕಮ್ಮ. ನಾನು ಮಾಡುವುದು ಬ್ಯಾಂಕಿನವರು ಬಳಸುವ ತಂತ್ರಾಂಶದ ಕೆಲಸ. ಉಪ್ಪಿನಕಾಯಿ ಮಾರಾಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಊರಲ್ಲಿ ಕಂಪ್ಯೂಟರ್ ಅಂದರೆ ಎಲ್ಲವೂ ಅದರೊಳಗೇ ಬಂತು ನೋಡಿ!

ಮೊದಲು ನಾವು ಕೂತು ಲೆಕ್ಕ ಹಾಕಿದೆವು. ಮೊಬೈಲಿನಲ್ಲಿ ಜಾಹೀರಾತು ಕೊಡಬಹುದು. ಆದರೆ ಆ ದುಡ್ಡು ಬಾಟಲಿಯ ಬೆಲೆಯ ಮೇಲೇ ಕೂರಬೇಕು. ಚಿಕ್ಕಮ್ಮ ವರ್ಷಕ್ಕೆ ಹಾಕುವುದು ಕೆಲವೇ ನೂರು ಬಾಟಲಿ, ಮಿಡಿ ಸಿಗುವುದೇ ಅಷ್ಟು. ಸಾವಿರಾರು ಜನರ ಕಣ್ಣಿಗೆ ಬಿದ್ದು ಪ್ರಯೋಜನವಿಲ್ಲ. ಬೇಕಾದದ್ದು ಪ್ರತಿ ವರ್ಷ ತಪ್ಪದೆ ತೆಗೆದುಕೊಳ್ಳುವ ಇನ್ನೂರು ಮುನ್ನೂರು ಮನೆಗಳು. ಅಂಥವರನ್ನು ಜಾಹೀರಾತಿನಿಂದ ಹಿಡಿದಿಡೋದು ಕಷ್ಟ, ನಂಬಿಕೆಯಿಂದ ಆಗಬಹುದು. ನಂಬಿಕೆ ಹುಟ್ಟಿಸಲು ನಮ್ಮ ಹತ್ತಿರ ದುಡ್ಡಿರಲಿಲ್ಲ. ಹೇಳೋದಕ್ಕೆ ವಿಷಯ ಮಾತ್ರ ಬೇಕಾದಷ್ಟಿತ್ತು.

ಇದೇನೂ ನಾವು ಹೊಸದಾಗಿ ಕಂಡುಹಿಡಿದ ಉಪಾಯ ಅಲ್ಲ. 1900ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು, ಟೈರು ಮಾಡುವವರು, ಕಾರಿನವರಿಗಾಗಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿದ್ದದ್ದು ಮೂರು ಸಾವಿರಕ್ಕೂ ಕಡಿಮೆ ಕಾರು. ಇವರು ಅಚ್ಚು ಹಾಕಿಸಿದ್ದು ಸುಮಾರು 35,000 ಪ್ರತಿ! ಟೈರು ಬದಲಿಸೋದು ಹೇಗೆ, ಪೆಟ್ರೋಲು ಎಲ್ಲಿ ಸಿಗುತ್ತೆ, ರಾತ್ರಿ ಉಳಿಯೋದು ಎಲ್ಲಿ ಅನ್ನುವ ವಿಷಯಗಳು ಅದರಲ್ಲಿದ್ದವು. ಜನ ಕಾರು ಹತ್ತಿ ತಿರುಗಿದರೆ ಟೈರು ಸವೆಯುತ್ತೆ, ಸವೆದರೆ ಹೊಸದು ಬೇಕಾಗುತ್ತೆ ಅನ್ನೋದು ಅವರ ಲೆಕ್ಕ. ನಮ್ಮ ನಾಡಿನಲ್ಲೇ ನೋಡಿ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯಲ್ಲಿ ಶ್ರೀಪಡ್ರೆಯವರು ಕೃಷಿಕರ ಕೈಯಲ್ಲೇ ಬರೆಸಿದರು. ತೋಟದಲ್ಲಿ ಕೈ ಕೆಸರು ಮಾಡಿಕೊಂಡವರು ಬರೆದದ್ದಕ್ಕೇ ಓದುವವರಿಗೆ ಅದರ ಮೇಲೆ ಅಷ್ಟು ಭರವಸೆ. ಚಿಕ್ಕಮ್ಮನ ಮನೆಯ ಅಟ್ಟದ ಮೇಲೆ ಅದರ ಹಳೆಯ ಸಂಚಿಕೆಗಳ ಕಟ್ಟೇ ಇದೆ. "ಹಂಗೆ ಬರೆಯೋದಾದ್ರೆ ನಾನೂ ಹೇಳಬಲ್ಲೆ, ನೀನು ಬರ್ಕೋ" ಅಂದರು.

ಹಾಗೆ ಶುರುವಾದದ್ದು ಚೀಟಿ. ಪ್ರತಿ ಬಾಟಲಿಯ ಜೊತೆ ಅರ್ಧ ಪುಟದ ಒಂದು ಬರಹ, ಅದನ್ನೇ ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಹದಿನೈದು ದಿನಕ್ಕೊಮ್ಮೆ.

ಏನು ಬರೆಯೋದು ಅನ್ನುವ ಪ್ರಶ್ನೆಗೆ ಉತ್ತರವನ್ನು ಗಿರಾಕಿಗಳೇ ಕೊಟ್ಟರು. ಫೋನಿನಲ್ಲಿ ಯಾರು ಏನು ಕೇಳಿದರೂ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ ಅಂತ ಚಿಕ್ಕಮ್ಮನಿಗೆ ಹೇಳಿದ್ದೆ. ಒಂದೇ ತಿಂಗಳಲ್ಲಿ ಎರಡು ಪುಟ ತುಂಬಿತು. ಮಿಡಿ ಯಾಕೆ ಸುಕ್ಕುಗಟ್ಟಿದೆ, ಹಾಳಾಗಿದೆಯಾ? ಎಣ್ಣೆ ಯಾಕೆ ಹಾಕಿಲ್ಲ? ಫ್ರಿಜ್ಜಿನಲ್ಲಿ ಇಡಬೇಕಾ? ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತಲ್ಲ, ನಿಮ್ಮದೇನು ಹೆಚ್ಚು? ಒಂದೊಂದು ಪ್ರಶ್ನೆಗೆ ಒಂದೊಂದು ಚೀಟಿ ಆಯಿತು.

ಸುಕ್ಕಿನ ಪ್ರಶ್ನೆಗೆ ಕೊಟ್ಟ ಉತ್ತರ ಹೀಗಿತ್ತು. ಅಪ್ಪೆಮಿಡಿಯನ್ನು ಗೊರಟು ಗಟ್ಟಿಯಾಗುವ ಮೊದಲೇ ಎಳೆಯದಾಗಿ ಕೊಯ್ದು ಹರಳುಪ್ಪಿನಲ್ಲಿ ಹಾಕುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತೆ, ಮಿಡಿ ಬಾಡಿ ಸುಕ್ಕಾಗುತ್ತೆ. ನೀರು ಹೋದಷ್ಟೂ, ಉಪ್ಪು ಹಿಡಿದಷ್ಟೂ ಬಾಳಿಕೆ ಹೆಚ್ಚು. ಅಂದರೆ ಸುಕ್ಕು ಹಾಳಾದ ಗುರುತಲ್ಲ, ಹದ ಬಂದ ಗುರುತು. ಬಾಟಲಿಯೊಳಗೆ ಒದ್ದೆ ಚಮಚ ಹಾಕಬೇಡಿ, ಮಿಡಿ ರಸದಲ್ಲಿ ಮುಳುಗಿರಲಿ. ಇಷ್ಟೇ ಚೀಟಿ. ಅದಾದ ಮೇಲೆ 'ಹಾಳಾಗಿದೆ' ಅನ್ನುವ ಫೋನು ನಿಂತೇ ಹೋಯಿತು ಅನ್ನಬಹುದು.

ಬೆಲೆಯ ಪ್ರಶ್ನೆಗೆ ಉತ್ತರ ಉದ್ದದ್ದು. ಒಳ್ಳೆ ಅಪ್ಪೆ ಮರಗಳು ಅಘನಾಶಿನಿ, ಶರಾವತಿ, ವರದೆಯಂಥ ಹೊಳೆಗಳ ದಂಡೆಯಲ್ಲಿ, ಕಾಡಿನಲ್ಲಿ ತಾವಾಗಿ ಬೆಳೆದವು. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಒಂದು ಜೀರಿಗೆಯ ಹಾಗೆ, ಇನ್ನೊಂದು ಕರ್ಪೂರದ ಹಾಗೆ. ಅನಂತಭಟ್ಟನ ಅಪ್ಪೆಯಂತೂ ಹೆಸರಿನಿಂದಲೇ ಪ್ರಸಿದ್ಧ. ಆ ಪರಿಮಳ ಇರುವುದು ಸೊನೆಯಲ್ಲಿ. ತೊಟ್ಟು ಮುರಿದರೆ ಸೊನೆ ಸೋರಿ ಹೋಗುತ್ತೆ. ನೆಲಕ್ಕೆ ಬಿದ್ದ ಮಿಡಿ ಒಳಗೇ ಪೆಟ್ಟಾಗಿ, ಉಪ್ಪಿನಲ್ಲಿ ಹಾಕಿದ ಮೇಲೆ ಕೊಳೆಯುತ್ತೆ, ಜೊತೆಗಿದ್ದದ್ದನ್ನೂ ಕೆಡಿಸುತ್ತೆ. ಆದ್ದರಿಂದ ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಎತ್ತರದ ಮರ ಹತ್ತುವವರು ಈಗ ಊರಿಗೆ ಒಬ್ಬಿಬ್ಬರು. ಅವರ ಕೂಲಿ, ಮಿಡಿ ಎಣಿಸಿ ಕೊಳ್ಳುವ ಬೆಲೆ, ಉಪ್ಪು, ಮೆಣಸು, ಸಾಸಿವೆ, ಬಾಟಲಿ, ಕೊರಿಯರ್ ಎಲ್ಲದರ ಲೆಕ್ಕವನ್ನೂ ಚೀಟಿಯಲ್ಲಿ ಹಾಕಿದೆವು. ಚಿಕ್ಕಮ್ಮನ ದುಡಿಮೆಗೆ ಎಷ್ಟು ಉಳಿಯುತ್ತೆ ಅನ್ನುವುದನ್ನೂ ಮುಚ್ಚಿಡಲಿಲ್ಲ. "ಇದನ್ನೆಲ್ಲ ಹೇಳೋದುಂಟಾ?" ಅಂತ ಚಿಕ್ಕಪ್ಪ ಹುಬ್ಬೇರಿಸಿದ್ದರು. ಆದರೆ ಆ ಚೀಟಿ ಹೋದ ಮೇಲೆ ಬೆಲೆಗೆ ಚೌಕಾಸಿ ಮಾಡಿದವರು ಬಹಳ ಕಡಿಮೆ.

ಜಾಹೀರಾತು ಕ್ಷೇತ್ರದಲ್ಲಿ ಕೆಲಸ ಮಾಡುವ ನನ್ನ ಗೆಳತಿಯೊಬ್ಬಳಿಗೆ ಇದನ್ನೆಲ್ಲ ತೋರಿಸಿದೆ. "ಮಾಹಿತಿ ಚೆನ್ನಾಗಿದೆ, ಆದ್ರೆ ಮನಸ್ಸಿಗೆ ತಟ್ಟೋದಿಲ್ಲ" ಅಂದಳು. 'ಅಜ್ಜಿಯ ಕೈರುಚಿ, ತಲೆತಲಾಂತರದ ಪರಂಪರೆ' ಅಂತ ಸೇರಿಸಿ ಅಂದಳು. ಚಿಕ್ಕಮ್ಮನಿಗೆ ಓದಿ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. "ನಿನ್ನ ಅಜ್ಜಿಗೆ ಉಪ್ಪಿನಕಾಯಿ ಹಾಕೋಕೇ ಬರ್ತಿರ್ಲಿಲ್ಲ. ಉಪ್ಪಿನ ಹದ ಎಲ್ಲ ಅಜ್ಜಂದು. ಅಜ್ಜಿ ರುಚಿ ನೋಡೋಕೆ ಮಾತ್ರ!" ಆ ಮಾತನ್ನೇ ಮುಂದಿನ ಚೀಟಿಯಲ್ಲಿ ಬರೆದೆವು. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಗಂಡಸರ ಕೆಲಸವಾಗಿತ್ತು ಅಂತ. ಅದಕ್ಕೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬರಲಿಲ್ಲ. 'ನಮ್ಮ ಮನೆಯಲ್ಲೂ ಹಾಗೇ, ನಮ್ಮಪ್ಪ ಭರಣಿ ಮುಟ್ಟೋಕೆ ಬಿಡ್ತಿರಲಿಲ್ಲ' ಅಂತ ಎಷ್ಟೋ ಜನ ಬರೆದರು.

ಗೆಳತಿ ಹೇಳಿದ ಇನ್ನೊಂದು ಮಾತು ಅಷ್ಟು ಹಗುರವಾಗಿರಲಿಲ್ಲ. "ನಿನ್ನ ಚಿಕ್ಕಪ್ಪನ ಕಾಯಿಲೆ, ತೋಟ ಹಾಳಾದದ್ದು, ಹುಡುಗನ ಫೀಸು, ಇದನ್ನು ಬರೀರಿ. ಒಂದು ಫೋಟೋ ಹಾಕಿ. ಒಂದೇ ವಾರದಲ್ಲಿ ಎಲ್ಲ ಬಾಟಲಿ ಖಾಲಿ ಆಗುತ್ತೆ" ಅಂದಳು. ಅವಳ ಮಾತು ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಫೀಸು ಕಟ್ಟಲು ಇನ್ನು ಆರು ವಾರ ಇತ್ತು. ಅರ್ಧಕ್ಕಿಂತ ಹೆಚ್ಚು ಬಾಟಲಿ ಅಟ್ಟದ ಕೋಣೆಯಲ್ಲೇ ಕೂತಿದ್ದವು. ನಾನು ಏನನ್ನೂ ಸೇರಿಸದೆ, ತೆಗೆಯದೆ, ಅವಳು ಹೇಳಿದ್ದನ್ನು ಚಿಕ್ಕಮ್ಮನ ಮುಂದಿಟ್ಟೆ.

ಚಿಕ್ಕಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಒಳಗೆ ಚಿಕ್ಕಪ್ಪ ಒಂದೇ ಕೈಯಲ್ಲಿ ಬಾಟಲಿ ಒರೆಸಿ ಇಡುತ್ತಿದ್ದರು. ಆಮೇಲೆ ಹೇಳಿದರು, "ಅವರು ಉಪ್ಪಿನಕಾಯಿ ತಿನ್ನಲಿ. ನಮ್ಮ ಕಷ್ಟ ತಿನ್ನೋದು ಬೇಡ. ಪಾಪ ಅಂತ ತಗೊಂಡವರು ಒಂದು ಸಲ ತಗೋತಾರೆ. ಚೆನ್ನಾಗಿದೆ ಅಂತ ತಗೊಂಡವರು ಮತ್ತೆ ಕೇಳ್ತಾರೆ. ಮತ್ತೆ ನಿನ್ನ ಚಿಕ್ಕಪ್ಪನೂ ಇದನ್ನು ಓದ್ತಾರಲ್ಲ?"

ಕೊನೆಯ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ವ್ಯಾಪಾರದ ಬರಹವನ್ನು ಗಿರಾಕಿ ಮಾತ್ರ ಓದುವುದಿಲ್ಲ, ಮನೆಯವರೂ ಓದುತ್ತಾರೆ. ಆ ವರ್ಷದ ಫೀಸಿಗೆ ಸೊಸೈಟಿಯಲ್ಲಿ ಸ್ವಲ್ಪ ಸಾಲ ಮಾಡಬೇಕಾಯಿತು. ಚೀಟಿಯಲ್ಲಿ ಮಾತ್ರ ಉಪ್ಪು, ಸೊನೆ, ಮಳೆ, ಮರದ ಸುದ್ದಿಯೇ ಮುಂದುವರಿಯಿತು. ಈ ಲೇಖನದಲ್ಲಿ ಅವರ ಕಷ್ಟ ಬರೆದಿದ್ದೀನಲ್ಲ ಅಂತ ನೀವು ಕೇಳಬಹುದು. ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ. ಊರು, ಹೆಸರು, ಫೋನ್ ನಂಬರು ಹಾಕಬಾರದು ಅನ್ನುವ ಷರತ್ತಿನ ಮೇಲೆ ಚಿಕ್ಕಪ್ಪ ಒಪ್ಪಿದರು.

ಇನ್ನು ಕೆಲವು ವ್ಯಾವಹಾರಿಕ ವಿಷಯಗಳು, ನಿಮಗೂ ಉಪಯೋಗ ಆಗಬಹುದು.

ವಾಟ್ಸಾಪಿನಲ್ಲಿ ಗುಂಪು ಮಾಡಬೇಡಿ, ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಗುಂಪಿನಲ್ಲಿ ಒಬ್ಬ ಗಿರಾಕಿಯ ನಂಬರು ಇನ್ನೊಬ್ಬರಿಗೆ ಕಾಣುತ್ತೆ. ಹೆಂಗಸರಿಗೆ ಅದು ಕಿರಿಕಿರಿ. ಪಟ್ಟಿಯಲ್ಲಾದರೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತೆ. ಒಂದು ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತೆ. ಇದು ತೊಂದರೆ ಅಂತ ಕಂಡರೂ ನಿಜವಾಗಿ ಅನುಕೂಲವೇ. ನಂಬರು ಸೇವ್ ಮಾಡಿಕೊಂಡವರು ಅಂದರೆ ನಿಮ್ಮ ಮಾತು ಬೇಕು ಅಂದವರು. ಬೇಡ ಅಂದವರ ಹೆಸರನ್ನು ಅವತ್ತೇ ತೆಗೆದುಬಿಡಿ.

ಮನೆಯಲ್ಲಿ ಮಾಡಿದ ತಿಂಡಿಯಾದರೂ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣವರಿಗೆ ಅದು ದೊಡ್ಡ ಖರ್ಚಲ್ಲ. ಸಿಗುವ 14 ಅಂಕಿಯ ಸಂಖ್ಯೆಯನ್ನು ಬಾಟಲಿಯ ಮೇಲೆ ಹಾಕಬೇಕು. ಮಾಡಿದವರ ಹೆಸರು, ವಿಳಾಸ, ತೂಕ, ಬೆಲೆ, ತಯಾರಿಸಿದ ದಿನ, ಯಾವಾಗಿನವರೆಗೆ ಬಳಸಬಹುದು ಅನ್ನೋದೂ ಇರಬೇಕು. ಅಂಗಡಿಯವರ ಚೀಟಿ ಹೋಗಿ ಚಿಕ್ಕಮ್ಮನ ಹೆಸರಿನ ಚೀಟಿ ಬಂದ ದಿನ ಅವರು ಮೊದಲ ಬಾಟಲಿಯನ್ನು ದೇವರ ಮುಂದೆ ಇಟ್ಟಿದ್ದರು.

ಔಷಧಿ ಗುಣದ ಮಾತು ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಒಳ್ಳೆಯದು, ಜೀರ್ಣಕ್ಕೆ ಒಳ್ಳೆಯದು ಅಂತೆಲ್ಲ ಹಾಕಿ ಅಂತ ಸಲಹೆ ಕೊಡುವವರು ಇರ್ತಾರೆ. ಆಹಾರವನ್ನು ಕಾಯಿಲೆ ವಾಸಿ ಮಾಡುವ ಮದ್ದು ಅಂತ ಹೇಳಿ ಮಾರೋದು ಕಾನೂನಿಗೂ ವಿರುದ್ಧ. ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. "ಇದರಲ್ಲಿ ಉಪ್ಪು ಜಾಸ್ತಿ. ಬಿಪಿ ಇರುವವರು ನಾಲಿಗೆಗೆ ಮುಟ್ಟಿಸುವಷ್ಟೇ ತಿನ್ನಿ" ಅಂತ ಬರೆಸಿದರು. ಮಾರುವವರೇ 'ಕಡಿಮೆ ತಿನ್ನಿ' ಅಂದರೆ ಮಾರಾಟ ಕಡಿಮೆ ಆಗುತ್ತೆ ಅಂದುಕೊಳ್ಳಬೇಡಿ. ಆ ಸಾಲನ್ನು ಓದಿಯೇ ಉಳಿದದ್ದನ್ನು ನಂಬಿದೆವು ಅಂತ ಒಬ್ಬ ನಿವೃತ್ತ ಮೇಷ್ಟರು ಫೋನು ಮಾಡಿ ಹೇಳಿದರು.

ಎರಡನೇ ವರ್ಷ ನಿಜವಾದ ಪರೀಕ್ಷೆ ಬಂತು. ಬೆಂಗಳೂರಿನ ಒಂದು ಮದುವೆಗೆ, ಬಂದವರಿಗೆ ಕೊಡಲು ಐನೂರು ಪುಟ್ಟ ಬಾಟಲಿ ಬೇಕು ಅಂತ ಕೇಳಿಕೊಂಡು ಬಂದರು. ಮುಂಗಡ ಕೊಡಲೂ ತಯಾರು. ಆ ದುಡ್ಡು ಬಂದರೆ ಸಾಲ ತೀರಿ ಆ ವರ್ಷದ ಫೀಸಿಗೂ ಆಗುತ್ತಿತ್ತು. ಆದರೆ ಮಾವು ಒಂದು ವರ್ಷ ಬಿಟ್ಟರೆ ಮರುವರ್ಷ ಕೈಕೊಡುವ ಜಾತಿ. ಆ ವರ್ಷ ಹೂ ಬಿಟ್ಟಾಗ ಅಕಾಲದ ಮಳೆಯೂ ಬಂದು ಹೂವೆಲ್ಲ ಉದುರಿತ್ತು. ಚಿಕ್ಕಮ್ಮನ ಭರಣಿಯಲ್ಲಿದ್ದ ಅಪ್ಪೆ ಮಿಡಿ ನೂರೈವತ್ತು ಬಾಟಲಿಗೆ ಸಾಲುವಷ್ಟು ಮಾತ್ರ. ಪೇಟೆಯಿಂದ ಬೇರೆ ಮಿಡಿ ತಂದು ಅದೇ ಮಸಾಲೆ ಹಾಕಿದರೆ ಮದುವೆಗೆ ಬಂದ ಎಷ್ಟು ಜನಕ್ಕೆ ವ್ಯತ್ಯಾಸ ಗೊತ್ತಾಗುತ್ತೆ? ನಾನು ಎರಡೂ ದಾರಿಯ ಲಾಭನಷ್ಟ ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಚಿಟ್ಟು, "ಎರಡು ವರ್ಷ ಚೀಟಿಯಲ್ಲಿ ತೊಟ್ಟು, ಸೊನೆ ಅಂತ ಬರೆಸಿದ್ದೇನೆ. ಈಗ ಬಿದ್ದ ಮಿಡಿ ಹಾಕಿದ್ರೆ ಆ ಚೀಟಿಯೇ ನನ್ನ ಮುಖಕ್ಕೆ ಹೊಡೆಯುತ್ತೆ" ಅಂದರು.

ಮದುವೆಯವರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ನೂರೈವತ್ತಕ್ಕಿಂತ ಹೆಚ್ಚು ಆಗೋದಿಲ್ಲ, ಬೇಕಿದ್ದರೆ ಉಳಿದವರಿಗೆ ಹಲಸಿನ ಹಪ್ಪಳದ ಕಟ್ಟು ಮಾಡಿಕೊಡ್ತೇನೆ ಅಂತ. ಒಂದು ವಾರ ಅವರಿಂದ ಉತ್ತರವೇ ಇಲ್ಲ. ಆ ವಾರ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಆಮೇಲೆ ಒಪ್ಪಿಗೆ ಬಂತು. ಐನೂರಕ್ಕಲ್ಲ, ನೂರೈವತ್ತು ಬಾಟಲಿ ಮತ್ತು ಇನ್ನೂರು ಕಟ್ಟು ಹಪ್ಪಳಕ್ಕೆ. ಬೆಳೆದ ಹಲಸಿನಕಾಯಿಯ ತೊಳೆ ಬೇಯಿಸಿ, ಕುಟ್ಟಿ, ಒತ್ತಿ, ಮಳೆಗಾಲಕ್ಕೆ ಮುಂಚೆ ಚಾಪೆಯ ಮೇಲೆ ಒಣಗಿಸೋದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಅಕ್ಕಪಕ್ಕದ ಇಬ್ಬರು ಹೆಂಗಸರು ಸೇರಿಕೊಂಡರು. ಅವತ್ತಿನಿಂದ ಹಪ್ಪಳ ಮೂರು ಮನೆಯ ವ್ಯಾಪಾರ. ಸಾಲ ತೀರಿತು. ಫೀಸಿನ ಅರ್ಧ ಬಂತು, ಇನ್ನರ್ಧ ತೋಟದ ಉಳಿದ ಅಡಿಕೆಯಿಂದ ಬಂತು.

ಇದನ್ನು ದೊಡ್ಡ ಯಶಸ್ಸಿನ ಕಥೆ ಅಂತ ಹೇಳಲಾರೆ. ಮೊದಲ ನಾಲ್ಕು ತಿಂಗಳು ಚೀಟಿ ಬರೆದರೂ ಹೊಸ ಗಿರಾಕಿ ಬಂದದ್ದು ಬೆರಳೆಣಿಕೆಯಷ್ಟು. ಬರೆದು ಗಿರಾಕಿ ಸೇರಿಸೋದು ಸಸಿ ನೆಟ್ಟ ಹಾಗೆ, ನಾಳೆಯೇ ಕಾಯಿ ಬೇಕು ಅನ್ನುವವರಿಗೆ ಇದು ದಾರಿಯಲ್ಲ. ಪ್ರತಿ ಹೊಸ ಗಿರಾಕಿಗೂ 'ನಮ್ಮ ವಿಷಯ ಹೇಗೆ ಗೊತ್ತಾಯ್ತು?' ಅಂತ ಕೇಳಿ ಬರೆದಿಡ್ತೇವೆ. ಹೆಚ್ಚಿನವರ ಉತ್ತರ ಒಂದೇ. 'ನಮ್ಮತ್ತಿಗೆ ನಿಮ್ಮ ಚೀಟಿ ಕಳಿಸಿದ್ದಳು.' ಗಿರಾಕಿಗಳೇ ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದಾರೆ. 'ಕೊಂಡುಕೊಳ್ಳಿ' ಅನ್ನುವ ಜಾಹೀರಾತನ್ನು ಯಾರೂ ತಮ್ಮ ಅತ್ತಿಗೆಗೆ ಕಳಿಸುವುದಿಲ್ಲ. ಮಿಡಿ ಯಾಕೆ ಸುಕ್ಕಾಗುತ್ತೆ ಅನ್ನೋದನ್ನು ಕಳಿಸ್ತಾರೆ. ನನಗೆ ತಿಳಿದ ಮಟ್ಟಿಗೆ ಇಡೀ ಉಪಾಯದ ಗುಟ್ಟು ಇಷ್ಟೇ.

ಈ ವರ್ಷದಿಂದ ನನ್ನ ಕೆಲಸವೂ ಕಡಿಮೆಯಾಗಿದೆ. ಚಿಕ್ಕಮ್ಮ ತಾವೇ ಮೊಬೈಲಿನಲ್ಲಿ ಕನ್ನಡ ಒತ್ತಲು ಕಲಿತಿದ್ದಾರೆ. ನಾನು ಅಲ್ಪವಿರಾಮ, ಪೂರ್ಣವಿರಾಮ ಹಾಕಿಕೊಡ್ತೇನೆ, ಅಷ್ಟೆ. ಮೊನ್ನೆಯ ಚೀಟಿಯಲ್ಲಿ, ಹೊಳೆದಂಡೆಯ ಹಳೆಯ ಅಪ್ಪೆ ಮರವೊಂದು ಗಾಳಿಮಳೆಗೆ ಬಿದ್ದ ಸುದ್ದಿ ಬರೆದಿದ್ದರು. ಅದರ ರೆಂಬೆ ತಂದು ಹಿತ್ತಲಲ್ಲಿ ಕಸಿ ಕಟ್ಟಿದ್ದೇನೆ, ನಾಲ್ಕು ಚಿಗುರಿವೆ ಅಂತ. 'ನಮಗೊಂದು ಗಿಡ ಕೊಡ್ತೀರಾ?' ಅಂತ ಹನ್ನೊಂದು ಜನ ಕೇಳಿದ್ದಾರೆ. ಇರೋದೇ ನಾಲ್ಕು ಗಿಡ. ಒಂದು ಮನೆಗೆ ಇಟ್ಟುಕೊಂಡು ಮೂರು ಮಾರಬಹುದು ಅಂತ ನನ್ನ ಲೆಕ್ಕ. ಮರ ಇದ್ದ ಜಾಗದಲ್ಲೇ ಒಂದು ನೆಡಬೇಕು ಅಂತ ಅವರ ಲೆಕ್ಕ.

ನಿಮ್ಮ ಮನೆಯಲ್ಲೂ ಹಪ್ಪಳವೋ, ಹೊಲಿಗೆಯೋ, ಹೂವಿನ ಬುಟ್ಟಿಯೋ ಮಾಡಿ ಮಾರುವವರಿದ್ದರೆ ಒಂದು ಹಳೆಯ ನೋಟ್ ಬುಕ್ ಕೊಡಿ. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಒಂದು ತಿಂಗಳು ಅದರಲ್ಲಿ ಬರೆದಿಡಲಿ. ಆಮೇಲೆ ಒಂದೊಂದಕ್ಕೂ, ಎದುರಿಗೆ ಕೂತವರಿಗೆ ಹೇಳುವ ಹಾಗೆ ಉತ್ತರ ಬರೆಯಲಿ. ಬರೆಯಲು ಬರೋದಿಲ್ಲ ಅಂದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ.